ಕಟ್ಟೆಯ ಮುಂದೆ ಮಾಯವಾಗುವ ಹೆಂಗಸರು

ನಡೆದು ಬರುತ್ತಿರುವ ಹೆಂಗಸೊಬ್ಬಳು, ಬೀದಿದೀಪದ ಬೆಳಕಿನಲ್ಲೇ, ನಾಲ್ಕು ಜನರ ಕಣ್ಣೆದುರಿಗೇ ಮಾಯವಾಗಿ, ಇಪ್ಪತ್ತು ಮಾರು ಆಚೆ ಮತ್ತೆ ಪ್ರತ್ಯಕ್ಷಳಾಗಲು ಸಾಧ್ಯವೇ? ನನ್ನನ್ನು ಕೇಳಿದ್ದರೆ ತಲೆ ಕೆಟ್ಟಿದೆಯೇನ್ರೀ ಎನ್ನುತ್ತಿದ್ದೆ. ಆದರೆ ದಾವಣಗೆರೆ ನಗರ ರೈಲಿನ ನಿಯಂತ್ರಣ ಕೊಠಡಿಯಲ್ಲಿ ಕೂತು, ಗೋಡೆಯಷ್ಟು ದೊಡ್ಡ ನಕ್ಷೆಯ ಮೇಲೆ ಅದನ್ನೇ ವಾರಗಟ್ಟಲೆ ನೋಡಿದ ಮೇಲೆ ನನ್ನ ತಲೆಯ ಬಗ್ಗೆಯೇ ನನಗೆ ಅನುಮಾನ ಶುರುವಾಯಿತು.

ಮೊದಲು ನಕ್ಷೆಯ ವಿಷಯ ಹೇಳಿಬಿಡುತ್ತೇನೆ. ಆ ಹೊತ್ತಿಗೆ ನಮ್ಮ ನಡುನಾಡಿನ ಊರುಗಳಿಗೆಲ್ಲ ನಗರ ರೈಲು ಬಂದಿತ್ತು. ರೈಲಿನ ಒಳಗೆ ಭಯವಿಲ್ಲ, ನಿಲ್ದಾಣದ ಒಳಗೂ ಭಯವಿಲ್ಲ. ತೊಂದರೆಯೆಲ್ಲ ಇರುವುದು ಮನೆಯ ಹೊಸ್ತಿಲಿಗೂ ನಿಲ್ದಾಣದ ಮೆಟ್ಟಿಲಿಗೂ ನಡುವೆ. ಆ ದಾರಿಯಲ್ಲಿ ಎಲ್ಲಿ ಹೆದರಿಕೆಯಾಗುತ್ತದೆ ಎಂದು ಜನರನ್ನು ಕೇಳಿದರೆ, ಅವರು ಮರ್ಯಾದಸ್ಥರು, "ಏನೂ ತೊಂದ್ರಿ ಇಲ್ಲ ಬಿಡ್ರಿ" ಎಂದು ಟೀ ಕುಡಿಸಿ ಕಳಿಸುತ್ತಿದ್ದರು. ಬಾಯಿ ಹೇಳದ್ದನ್ನು ಕಾಲು ಹೇಳೀತೆಂದು ಯಾರಿಗೋ ಹೊಳೆದು ಹುಟ್ಟಿದ್ದೇ ಅಂಗಾಲು ಪಟ್ಟಿ.

ವೀಳ್ಯದೆಲೆಯಷ್ಟು ತೆಳುವಾದ ಪಟ್ಟಿ ಅದು. ಒಂದು ಕಾಲಿನ ಚಪ್ಪಲಿಯ ಮೇಲೆ ಅಂಟಿಸಿಕೊಂಡರೆ ಆಯಿತು. ಹೆಜ್ಜೆ ಊರಿದಾಗ ಬೀಳುವ ಭಾರದಿಂದಲೇ ತನಗೆ ಬೇಕಾದ ವಿದ್ಯುತ್ತನ್ನು ಹುಟ್ಟಿಸಿಕೊಂಡು, ಅಂಗಾಲಿನ ನಾಡಿ, ಬೆವರು, ಹೆಜ್ಜೆಯ ವೇಗ ಇಷ್ಟನ್ನು ದಾರಿಬದಿಯ ಕಂಬಗಳಿಗೆ ಕಳಿಸುತ್ತದೆ. ಹೆಸರು ಕಳಿಸುವುದಿಲ್ಲ. ಗಂಡೋ ಹೆಣ್ಣೋ, ವಯಸ್ಸೆಷ್ಟು ಎನ್ನುವುದಷ್ಟೇ ಗೊತ್ತಾಗುವುದು. ನಕ್ಷೆಯ ಮೇಲೆ ಅವರೊಂದು ಚುಕ್ಕೆ. ನಿರಾಳವಾಗಿ ನಡೆದರೆ ಹಸಿರು, ಎದೆ ಹೊಡೆದುಕೊಂಡರೆ ಕೆಂಪು.

ಈ ಚುಕ್ಕೆಗಳನ್ನೆಲ್ಲ ಕೂಡಿಸಿ ಕಳೆದು ಲೆಕ್ಕ ಹಾಕುವ ಯಂತ್ರಬುದ್ಧಿಗೆ ನಾವು ಶಾನುಭೋಗ ಎಂದು ಅಡ್ಡಹೆಸರಿಟ್ಟಿದ್ದೆವು. ಯಾರ ಮಾತಿಗೂ ಬಗ್ಗದ ಆಸಾಮಿ. ಒಂದು ದಾರಿ ಕೆಂಪಾಗಿ, ಕಾರಣ ತಿಳಿಯದೆ ಅಥವಾ ತಿಳಿದೂ ಸರಿಯಾಗದೆ ತಿಂಗಳು ಕಳೆದರೆ, ಆ ದಾರಿಯನ್ನು ಮುಚ್ಚಿ ಬೇರೆ ದಾರಿ ತೋರಿಸುವುದು ಅದರ ಕಟ್ಟಳೆ. ಮುಚ್ಚುವ ಮುಂಚೆ ಆ ದಾರಿಯಲ್ಲಿ ನಡೆಯುವವರನ್ನೆಲ್ಲ ಕೂರಿಸಿ ದಾರಿ ಸಭೆ ನಡೆಸಬೇಕು. ಸಭೆ ನಡೆಸುವುದೇ ನನ್ನ ಕೆಲಸ. ನಾನು ಪಂಕಜಾ, ತುಮಕೂರಿನ ಕಡೆಯವಳು, ಬಾಯಿ ಸ್ವಲ್ಪ ಜೋರು.

ಮಾಯವಾಗುವ ಆಟ ನಡೆಯುತ್ತಿದ್ದದ್ದು ಹಳೆ ಭಟ್ಟಿ ಕೇರಿಯ ದಾರಿಯಲ್ಲಿ. ಹಿಂದೆ ಮಂಡಕ್ಕಿ ಹುರಿಯುವ ಒಲೆಗಳಿದ್ದ ಕೇರಿ ಅದು. ನಡುವೆ ಒಂದು ಬೇವಿನಮರ, ಸುತ್ತ ಕಲ್ಲಿನ ಕಟ್ಟೆ. ಸಂಜೆಯ ರೈಲಿಳಿದು ಬರುವ ಚುಕ್ಕೆಗಳು ಕಟ್ಟೆ ಹತ್ತಿರವಾಗುತ್ತಿದ್ದಂತೆ ಪುಸಕ್ಕನೆ ಆರಿಹೋಗುತ್ತಿದ್ದವು. ಕಟ್ಟೆ ದಾಟಿ ತಿರುವು ಬಂದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತಿದ್ದವು, ಕೆಂಪಗೆ.

"ಇಲ್ಲೆಲ್ಲೋ ನೆಲದಡಿ ಹಳೇ ಕಬ್ಬಿಣ ಇದೆ ಮೇಡಂ, ಸಂಕೇತ ನುಂಗ್ತಿದೆ" ಎಂದ ನನ್ನ ಜೊತೆಯ ಇಂಜಿನಿಯರ್ ಇಮ್ತಿಯಾಜ್.

"ಕಬ್ಬಿಣಕ್ಕೆ ಹೆಂಗಸರು ಅಂದ್ರೆ ಅಷ್ಟು ಇಷ್ಟಾನಾ? ಗಂಡಸರ ಚುಕ್ಕೆ ಒಂದೂ ಆರ್ತಾ ಇಲ್ವಲ್ಲಪ್ಪ!"

ಅವನು ತಲೆ ಕೆರೆದುಕೊಂಡ. ಶಾಲೆಗೆ ಹೋಗುವ ಹುಡುಗಿಯರೂ ಆರುತ್ತಿರಲಿಲ್ಲ. ದೊಡ್ಡ ಹೆಂಗಸರಲ್ಲೂ ಇಬ್ಬರು ಮಾತ್ರ ಕಟ್ಟೆ ಮುಂದೆ ಹಸಿರಾಗಿಯೇ, ಆರಾಮಾಗಿ ಸಾಗುತ್ತಿದ್ದರು. ಕಂಬ ಬದಲಾಯಿಸಿದೆವು. ಪಟ್ಟಿ ಬದಲಾಯಿಸಿದೆವು. ಇಮ್ತಿಯಾಜ್ ಸ್ವತಃ ಹಗಲು ಹೊತ್ತಿನಲ್ಲಿ ಹತ್ತು ಸಲ ಆ ದಾರಿಯಲ್ಲಿ ನಡೆದ. ನಾನೂ ಬೂಟು ಹಾಕಿಕೊಂಡು ನಡೆದೆ. ನಾವಿಬ್ಬರೂ ಎಲ್ಲೂ ಮಾಯವಾಗಲಿಲ್ಲ. ಶಾನುಭೋಗ ಮಾತ್ರ ಯಾವ ಸಂಕೋಚವೂ ಇಲ್ಲದೆ ಆ ದಾರಿಯ ಮೇಲೆ "ಅಪಹರಣದ ಶಂಕೆ" ಎಂದು ಬರೆದು, ತಿಂಗಳ ಕೊನೆಗೆ ಮುಚ್ಚಬೇಕೆಂದು ಆಜ್ಞೆ ಹೊರಡಿಸಿಬಿಟ್ಟಿತು.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ನಾನು ಬಾಡಿಗೆಗಿದ್ದದ್ದೇ ಆ ಕೇರಿಯ ಹಾಲಪ್ಪನವರ ಮನೆಯ ಮಹಡಿಯ ಮೇಲೆ. ಕಚೇರಿಯ ವಾಹನದಲ್ಲಿ ಹೋಗಿ ಬರುತ್ತಿದ್ದುದರಿಂದ ಆ ದಾರಿ ಸಂಜೆ ಹೇಗಿರುತ್ತದೆಂದು ನಾನು ನೋಡಿದವಳೇ ಅಲ್ಲ. ಹಾಲಪ್ಪನವರ ಹೆಂಡತಿ ಕೊಟ್ರಮ್ಮ, ಸೊಸೆ ಸರ್ವಮಂಗಳಾ. ಮಗ ಲಾರಿ ಹಿಡಿದು ಹೊರಟರೆ ವಾರ ಕಳೆದು ಬರುವವನು. ಸರ್ವಮಂಗಳಾ ಹರಿಹರದ ರಕ್ತ ಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ರಕ್ತದ ಕಣ ಎಣಿಸುವುದೆಂದರೆ ಅವಳಿಗೆ ಹಬ್ಬ.

ದಾರಿ ಮುಚ್ಚುತ್ತಾರಂತೆ ಎಂದು ಕೇಳಿದ ದಿನ ಅವಳು ಮಹಡಿ ಹತ್ತಿ ಬಂದಳು. "ಅಕ್ಕಾರೆ, ಈ ದಾರಿ ಹೋದ್ರೆ ಮೇಲ್ಸೇತುವಿ ಸುತ್ತಿ ಬರ್ಬೇಕು. ಅಲ್ಲಿ ಒಂದು ನರಪಿಳ್ಳೆ ಇರಂಗಿಲ್ಲ. ನಮ್ಮನ್ಯಾಗೆ ಕೆಲ್ಸ ಬಿಡು ಅಂತಾರೆ, ಅಷ್ಟೇ ಕತಿ."

"ಹಾಗಾದ್ರೆ ನೀನೇ ಹೇಳು ತಾಯಿ, ಆ ಕಟ್ಟೆ ಹತ್ರ ನಿಮಗೆಲ್ಲ ಏನಾಗುತ್ತೆ?"

"ಏನಾಗ್ತತಿ? ಏನೂ ಆಗಲ್ಲ." ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಮುಖದಲ್ಲಿ ನನ್ನಷ್ಟೇ ಆಶ್ಚರ್ಯವಿತ್ತು.

ಮಾರನೇ ಸಂಜೆ ನಿಲ್ದಾಣದಲ್ಲಿ ಕಾದಿದ್ದು ಅವಳ ಜೊತೆಗೇ ಹೊರಟೆ. ದಾರಿಯುದ್ದಕ್ಕೂ ಅವಳದು ಒಂದೇ ಮಾತು. ಯಾರದೋ ರಕ್ತದಲ್ಲಿ ಕುಡುಗೋಲಿನಂಥ ಕಣ ಸಿಕ್ಕಿತ್ತಂತೆ, ಅದನ್ನು ಮೊದಲು ನೋಡಿದವಳು ಇವಳೇ ಅಂತೆ. "ಡಾಕ್ಟ್ರು ಬಂದು ನೋಡಿ ಏನಂದ್ರು ಗೊತ್ತೇನ್ರಿ..." ಎನ್ನುತ್ತಿದ್ದಂತೆ ಬೇವಿನಮರ ಕಂಡಿತು. ಸರ್ವಮಂಗಳಾ ನಡೆಯುತ್ತಲೇ ಬಗ್ಗಿದಳು. ಎರಡೂ ಚಪ್ಪಲಿ ಕಳಚಿ ಎಡಗೈಗೆ ತೆಗೆದುಕೊಂಡಳು, ಸೆರಗಿನಡಿ ಮುಚ್ಚಿದಳು, ತಲೆ ತಗ್ಗಿಸಿ ಸರಸರನೆ ಕಟ್ಟೆ ದಾಟಿದಳು. ಕಟ್ಟೆಯ ಮೇಲೆ ಹಾಲಪ್ಪ, ಗುರುಸಿದ್ದಪ್ಪ, ಇನ್ನೂ ಮೂರ್ನಾಲ್ಕು ಹಿರಿಯರು ತಮ್ಮ ಪಾಡಿಗೆ ಹರಟುತ್ತಿದ್ದರು. ಯಾರೂ ಇವಳತ್ತ ತಿರುಗಿಯೂ ನೋಡಲಿಲ್ಲ. ತಿರುವಿನಲ್ಲಿ ಚಪ್ಪಲಿಯನ್ನು ನೆಲಕ್ಕೆ ಹಾಕಿ ಮೆಟ್ಟಿಕೊಂಡು, "...ಭೇಷ್ ಅಂದ್ರು ರೀ!" ಎಂದು ಬಿಟ್ಟಲ್ಲಿಂದಲೇ ಮಾತು ಮುಂದುವರಿಸಿದಳು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಇದೇನೇ ಇದು?"

"ಯಾವ್ದು?"

"ಚಪ್ಪಲಿ! ಚಪ್ಪಲಿ ಯಾಕೆ ಬಿಚ್ಚಿದೆ?"

"ಅಯ್ಯ, ಮಾವಾರು ಕುಂತಿದ್ರಲ್ರೀ ಕಟ್ಟಿ ಮ್ಯಾಲೆ! ದೊಡ್ಡೋರ ಮುಂದೆ ಚಪ್ಲಿ ಮೆಟ್ಕಂಡು ಹೆಂಗ್ ಬರಾಕಾಗ್ತತಿ?"

"ಎಲ್ಲರೂ ಬಿಚ್ತೀರಾ?"

"ಸೊಸೇರೆಲ್ಲ. ಹುಟ್ಟಿದ ಕೇರ್ಯಾಗೆ ಮಗಳಾದೋಳಿಗೆ ಎಂಥ ನಾಚ್ಕಿ? ಆ ಶೈಲಾ, ಪ್ರಭಾ ತವ್ರುಮನ್ಯಾಗೆ ಅದಾರಲ್ಲ, ಅವ್ರು ಟಕಟಕ ಅಂತ ಹೋಗ್ತಾರೆ."

ಮಾಯವಾಗದ ಆ ಇಬ್ಬರು ಯಾರೆಂದು ತಿಳಿಯಿತು. ಅಂಗಾಲು ಬಿಟ್ಟ ಪಟ್ಟಿ ಮೂಕ. ಅಷ್ಟೇ ವಿಷಯ. ಎಲ್ಲಿ ಭಯ ಎಂದು ನಾವು ಕೇಳಿದ್ದೆವು, ಇವರು ಇದಕ್ಕೆ ಭಯವೆಂಬ ಹೆಸರನ್ನೇ ಇಟ್ಟಿರಲಿಲ್ಲ.

ಅಷ್ಟರಲ್ಲಿ ಸರ್ವಮಂಗಳಾ "ಅವ್ವಾ" ಎಂದು ಗೋಡೆ ಹಿಡಿದು ನಿಂತಳು. ಕಟ್ಟೆಯ ಮುಂದೆ ಬರಿಗಾಲಿಗೆ ಹತ್ತಿದ್ದ ಬೆರಳುದ್ದದ ತುಕ್ಕು ತಂತಿ, ಚಪ್ಪಲಿ ಮೆಟ್ಟಿ ಭಾರ ಬಿದ್ದ ಮೇಲೆ ಹಿಮ್ಮಡಿಯೊಳಕ್ಕೆ ಇಳಿದಿತ್ತು. ಆ ಕೇರಿಯ ಒಲೆಗಳಿಗೆ ಒಂದು ಕಾಲದಲ್ಲಿ ಹಳೆ ಟೈರು ಸುಡುತ್ತಿದ್ದರಂತೆ. ಟೈರಿನೊಳಗಿನ ತಂತಿಯ ಚೂರುಗಳು ಈಗಲೂ ಮಣ್ಣಿನಿಂದ ಮೇಲೇಳುತ್ತವೆ. ಅವಳೇ ಎಳೆದು ತೆಗೆದು ಬಿಸಾಡಿ, ಕಣ್ಣೀರು ಒರೆಸಿಕೊಂಡು, "ಮಾವಾರ ಮುಂದೆ ಹೇಳ್ಬ್ಯಾಡ್ರಿ ಅಕ್ಕಾರೆ, ಅವ್ರಿಗೆ ಅವಮಾನ ಆಗ್ತತಿ" ಎಂದಳು.

ಹೀಗೆ ಸರ್ವಮಂಗಳಾ ಮನೆಯಲ್ಲಿ, ನಿಲ್ದಾಣದ ಅಂಗಳದಲ್ಲಿ ಚುಚ್ಚಿತು ಎಂದುಬಿಟ್ಟಳು. ಕೊಟ್ರಮ್ಮ ಅರಿಶಿನ ಮೆತ್ತಿದರು. ಅದು ಅರಿಶಿನಕ್ಕೆ ಬಗ್ಗುವ ಗಾಯವಾಗಿರಲಿಲ್ಲ. ಕಾಲು ಊದಿ, ಜ್ವರ ಏರಿ, ಆಸ್ಪತ್ರೆಯಲ್ಲಿ ಹಿಮ್ಮಡಿ ಕೊಯ್ದು ಕೀವು ತೆಗೆಯಬೇಕಾಯಿತು.

"ಸಾಕು ಮಾಡವ್ವ ಈ ಕೆಲ್ಸ. ಕಾಲು ಹೋದ್ರೆ ಕಾಲು ಕೊಡ್ತಾರೇನು ಅವ್ರು?" ಎಂದರು ಕೊಟ್ರಮ್ಮ. ಹಾಲಪ್ಪನವರು ಅಂಗಳದಲ್ಲಿ ನಿಂತು ನನಗೆ ಕೇಳಿಸುವಂತೆಯೇ, "ಕೋಟಿಗಟ್ಲೆ ಸುರುದು ಸ್ಟೇಷನ್ ಕಟ್ತಾರೆ, ಒಂದು ಕಸಬರಿಗಿ ಆಡ್ಸಾಕೆ ಬರಲ್ಲ!" ಎಂದು ಕೂಗಾಡಿದರು. ನಾನು ನಾಲಿಗೆ ಕಚ್ಚಿಕೊಂಡು ಮಹಡಿ ಹತ್ತಿದೆ. ನನ್ನಂಥವಳಿಗೆ ಅದೆಂಥ ಶಿಕ್ಷೆಯೆಂದು ನನ್ನ ಅಮ್ಮನನ್ನು ಕೇಳಬೇಕು.

ದಾರಿ ಸಭೆಯನ್ನು ಕಟ್ಟೆಯ ಮುಂದೆಯೇ ಕರೆದೆ. ಮರಕ್ಕೆ ಬಿಳಿ ಬಟ್ಟೆ ಕಟ್ಟಿ ನಕ್ಷೆ ತೋರಿಸಿದೆವು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಕೆಳಗೆ ಜಮಖಾನದ ಮೇಲೆ. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಸರ್ವಮಂಗಳಾ ಅತ್ತೆಯ ಬೆನ್ನಿಗೆ ಅವಿತಿದ್ದಳು. ಚುಕ್ಕೆಗಳು ಬಂದು ಬಂದು ಆರುವುದನ್ನು ನೋಡಿ ಹಿರಿಯರೆಲ್ಲ ಬೆರಗಾದರು.

"ಏ, ನಾವು ದಿನಾ ಇಲ್ಲೇ ಕುಂತಿರ್ತೀವಿ. ನಮ್ಮ ಕಣ್ಣ ಮುಂದೇನೇ ಮಾಯ ಆಗ್ತಾರಾ?" ಎಂದರು ಗುರುಸಿದ್ದಪ್ಪ. "ನಾವು ಕುಂತೀವಿ ಅಂತಾನೇ ಇಲ್ಲಿ ಒಬ್ಬ ಪೋಲಿ ಸುಳಿಯಂಗಿಲ್ಲ."

ಸರ್ವಮಂಗಳಾಗೆ ಮಾತು ಕೊಟ್ಟಿದ್ದೆ. ಹಾಗಾಗಿ ಕಾರಣ ಹೇಳಲಿಲ್ಲ, ಯಂತ್ರದ ಗುಣವನ್ನಷ್ಟೇ ಹೇಳಿದೆ. ಪಟ್ಟಿಗೆ ಅಂಗಾಲು ತಾಗಿದ್ದರೆ ಜೀವ, ಕಾಲು ತೆಗೆದರೆ ಸುಮ್ಮನಾಗುತ್ತದೆ ಎಂದೆ. ಹೆಂಗಸರು ನೆಲ ನೋಡಿದರು. ದಾರಿ ಮುಚ್ಚಿದರೂ ಚಿಂತೆಯಿಲ್ಲ, ಹಿರಿಯರ ಎದುರು ಈ ಮಾತು ಎತ್ತುವುದು ಬೇಡ ಎನ್ನುವ ಹಾಗಿತ್ತು ಆ ನೋಟ.

ಕೊಟ್ರಮ್ಮ ನಿಧಾನವಾಗಿ ಹಿಂದೆ ತಿರುಗಿದರು. ಸೊಸೆಯ ಕಾಲನ್ನು ನೋಡಿದರು, ಮುಖವನ್ನು ನೋಡಿದರು. "ನಿನ್ಗೆ ತಂತಿ ಚುಚ್ಚಿದ್ದು ಸ್ಟೇಷನ್‌ದಾಗಲ್ಲ."

ಸರ್ವಮಂಗಳಾ ಅಳತೊಡಗಿದಳು.

"ಇಲ್ಲೇ ಚುಚ್ಚೇತಿ. ಈ ಕಟ್ಟಿ ಮುಂದೆ." ಕೊಟ್ರಮ್ಮ ಎದ್ದು ನಿಂತರು. ಸಭೆಯಲ್ಲಿ ಅವರು ಮಾತಾಡಿದ್ದು ಯಾರಿಗೂ ನೆನಪಿರಲಿಲ್ಲ. "ಮಾಯ ಇಲ್ಲ, ಮಾಟ ಇಲ್ಲ. ನೀವು ಕುಂತಿರ್ತೀರಿ ಅಂತ ಚಪ್ಲಿ ಕೈಯಾಗೆ ಹಿಡ್ಕಂಡು ಬರ್ತಾರೆ ಹುಡಿಗೇರು. ಬರಿಗಾಲಾಗೆ, ಈ ತಂತಿ ಮ್ಯಾಲೆ."

ಹಾಲಪ್ಪನವರ ಮುಖ ಕೆಂಪೇರಿತು. "ನಾವೇನು ಬಿಚ್ರಿ ಅಂದಿದ್ವಾ?"

"ಹಾಕ್ಕಳ್ರಿ ಅಂತಾನೂ ಅಂದಿಲ್ಲ!"

ಹಾಲಪ್ಪ ಶಲ್ಯ ಕೊಡವಿ ಎದ್ದರು. "ಆತು ಬಿಡ್ರಪ್ಪ, ನಮ್ಮಿಂದಾನೇ ತೊಂದ್ರಿ ಅಂದ್ರೆ ನಾವೇ ಕುಂದ್ರಲ್ಲ." ಹಿರಿಯರೆಲ್ಲ ಅವರ ಹಿಂದೆ ಹೊರಟುಹೋದರು.

ಗೆದ್ದೆವೆಂದುಕೊಂಡ ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ಅಯಸ್ಕಾಂತದ ಗಾಡಿ ಎಳೆಸಿ ದಾರಿಯ ತಂತಿ ಆಯಿಸಿದೆ. ಒಂದು ಮಳೆ ಬಂದದ್ದೇ ತಡ, ಅಷ್ಟೇ ತಂತಿ ಮತ್ತೆ ಮೇಲೆದ್ದಿತು. ಇತ್ತ ಕಟ್ಟೆ ಖಾಲಿಯಾಗಿತ್ತು. ಎರಡು ದಿನ ಕಳೆಯುವುದರಲ್ಲಿ ಬೈಕುಗಳು ಬಂದು ನಿಂತವು, ಬಾಟಲಿಗಳು ಉರುಳಿದವು, ಹಿಂದಿನಿಂದ ಸಿಳ್ಳೆ ಕೇಳಿಸತೊಡಗಿತು.

"ಈಗ ಮಾಯ ಆಗ್ತಿಲ್ಲ ಮೇಡಂ, ಓಡ್ತಿದ್ದಾರೆ" ಎಂದ ಇಮ್ತಿಯಾಜ್. ನಕ್ಷೆಯ ಮೇಲೆ ಒಂದೊಂದು ಚುಕ್ಕೆಯೂ ಕೆಂಡದ ಹಾಗೆ ಹಾರುತ್ತಿತ್ತು. ಕೆಲವು ಬರುವುದನ್ನೇ ನಿಲ್ಲಿಸಿದ್ದವು. ಶಾನುಭೋಗ ತನ್ನ ಆಜ್ಞೆಯಲ್ಲಿ "ಅಪಹರಣದ ಶಂಕೆ" ಎಂಬುದನ್ನು ಹೊಡೆದು "ಭಯದ ಓಟ" ಎಂದು ತಿದ್ದಿತು. ತಿಂಗಳ ಕೊನೆ ಮಾತ್ರ ಹಾಗೇ ಇತ್ತು.

ಕೈಯಂತ್ರದಲ್ಲಿ ನಕ್ಷೆ ಹಿಡಿದುಕೊಂಡು ಹಾಲಪ್ಪನವರ ಹತ್ತಿರ ಹೋದೆ. ಅವರು ಅಂಗಳದ ಕುರ್ಚಿಯಲ್ಲಿ ಮುನಿಸಿಕೊಂಡು ಮಂಡಕ್ಕಿ ತಿನ್ನುತ್ತಿದ್ದರು. "ಇದು ನೀವು ಕೂತಿದ್ದಾಗಿನ ದಾರಿ. ಇದು ನೀವು ಕೂರದ ದಾರಿ" ಎಂದು ತೋರಿಸಿದೆ. ಬಹಳ ಹೊತ್ತು ನೋಡಿದರು. ಅದರೊಳಗಿನ ಒಂದು ಓಡುವ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದರು.

"ಕುಂತ್ರೆ ಕಾಲಿಗೆ ತಂತಿ, ಕುಂದ್ರದಿದ್ರೆ ಎದಿ ಢವಢವ. ಅತ್ತ ದರಿ ಇತ್ತ ಪುಲಿ ಆತಲ್ಲಮ್ಮ ನಮ್ದು."

"ಕೂತ್ಕೊಳ್ಳಿ. ಚಪ್ಪಲಿ ಬಿಚ್ಚಬೇಡಿ ಅಂತ ಒಂದು ಮಾತು ಹೇಳಿ. ಅಷ್ಟೇ."

"ಯಾರು, ನಾನಾ? ಬೀದ್ಯಾಗೆ? ಸೊಸಿ ಕಾಲಿನ ಸುದ್ದಿ ಮಾವ ಮಾತಾಡದಾ?" ಅವರಿಗೆ ನಿಜಕ್ಕೂ ಗಾಬರಿಯಾಗಿತ್ತು. "ಬೇಕಾದ್ರೆ ನಿಮ್ಮ ಕಂಬಕ್ಕೆ ಹೇಳು, ಅದು ಕೂಗ್ಲಿ. ನಾವು ಕುಂದ್ರತೀವಿ."

ಕಂಬಕ್ಕೆ ಮಾತು ಕಲಿಸುವುದು ನಮಗೆ ಒಂದು ಗಳಿಗೆಯ ಕೆಲಸ. ಹಿರಿಯರು ಕಟ್ಟೆಗೆ ಮರಳಿದರು, ಬೈಕುಗಳು ಬಾಲ ಮುದುರಿಕೊಂಡು ಹೋದವು. ಹೆಂಗಸರು ಹತ್ತಿರ ಬಂದಾಗ ಕಂಬ ಗಂಭೀರವಾಗಿ, "ದಯವಿಟ್ಟು ಪಾದರಕ್ಷೆ ಧರಿಸಿಯೇ ಮುಂದೆ ಸಾಗಿರಿ" ಎಂದಿತು. ಹೆಂಗಸರು ಕಿಸಕ್ಕನೆ ನಕ್ಕರು. ನಗುತ್ತಲೇ ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡರು. ಚುಕ್ಕೆಗಳು ಎಂದಿನಂತೆ ಆರಿದವು.

"ಕಂಬ ಯಾರಿಗೆ ಮಾವ, ಮೇಡಂ?" ಎಂದ ಇಮ್ತಿಯಾಜ್. ನನಗೆ ಸಿಟ್ಟು ಬಂತು. ಅವನ ಮಾತು ಸರಿಯಾಗಿತ್ತು, ಅದಕ್ಕೇ ಬಂತು.

ತಿಂಗಳ ಕೊನೆಯ ದಿನ ಬಂದೇಬಿಟ್ಟಿತು. ಸರ್ವಮಂಗಳಾ ಹಟ ಹಿಡಿದು ಅವತ್ತೇ ಕೆಲಸಕ್ಕೆ ಹೊರಟಿದ್ದಳು. ಗಾಯ ಮಾಯ್ದಿತ್ತು, ಆದರೂ ಹಿಮ್ಮಡಿ ಊರಿದರೆ ಹಲ್ಲು ಕಚ್ಚುತ್ತಿದ್ದಳು. "ಕೊನೀ ದಿನ ಆದ್ರೂ ಆಗ್ಲಿ, ಒಂದ್ಸಲ ಹೋಗಿ ಬರ್ತೀನಿ" ಎಂದಿದ್ದಳು. ಸಂಜೆ ನಾನು ನಿಯಂತ್ರಣ ಕೊಠಡಿಯಲ್ಲಿ ಕೂತು ಬೇವಿನಮರದ ಗುರುತನ್ನೇ ನೋಡುತ್ತಿದ್ದೆ. ಹೆಸರಿಲ್ಲದ ಚುಕ್ಕೆಯಾದರೇನು, ಆ ಕುಂಟುವ ಹೆಜ್ಜೆ ಯಾರದೆಂದು ಹೇಳಿಕೊಡಬೇಕೇ?

ಚುಕ್ಕೆ ಕಟ್ಟೆಯ ಹತ್ತಿರ ಬಂತು. ನಿಂತಿತು. ಕೆಂಪಾಯಿತು. ಆರಿತು.

"ಹೋಯ್ತು" ಎಂದ ಇಮ್ತಿಯಾಜ್.

ನಾನು ತಿರುವಿನ ಕಡೆ ಕಣ್ಣು ಹೊರಳಿಸಿದೆ, ಎಂದಿನಂತೆ ಅಲ್ಲಿ ಹೊತ್ತಿಕೊಳ್ಳುತ್ತದೆಂದು. ಹೊತ್ತಿಕೊಂಡದ್ದು ಅಲ್ಲಲ್ಲ. ಆರಿದ ಜಾಗದಲ್ಲೇ, ಕಟ್ಟೆಯ ಎದುರಿಗೇ ಹೊತ್ತಿಕೊಂಡಿತು. ಅಲ್ಲಿಂದ ಒಂದೊಂದೇ ಹೆಜ್ಜೆ ಮುಂದಕ್ಕೆ ಸರಿಯಿತು. ಅಷ್ಟು ಕೆಂಪು ಚುಕ್ಕೆಯನ್ನು ನಾನು ಆ ನಕ್ಷೆಯ ಮೇಲೆ ನೋಡಿಯೇ ಇರಲಿಲ್ಲ. ಸಿಳ್ಳೆಗೆ ಹೆದರಿ ಓಡಿದವರದೂ ಹಾಗೆ ಹೊಡೆದುಕೊಂಡಿರಲಿಲ್ಲ ಎದೆ. ಶಾನುಭೋಗ ಕಾವಲಿನವರನ್ನು ಕಳಿಸಲೇ ಎಂದು ಕೇಳಿತು. "ಬೇಡ! ಮುಟ್ಟಬೇಡ!" ಎಂದು ಕಿರುಚಿ ಎದ್ದು ನಿಂತಿದ್ದೆ. ಕಟ್ಟೆಯ ನಡುಮಧ್ಯಕ್ಕೆ ಬರುವಾಗ ಚುಕ್ಕೆ ಹಳದಿಗೆ ತಿರುಗಿತು. ತಿರುವಿನಲ್ಲಿ ಹಸಿರಾಯಿತು. ಅದರ ಹಿಂದೆ ಬರುತ್ತಿದ್ದ ಚುಕ್ಕೆ ಆರಲಿಲ್ಲ. ಅದರ ಹಿಂದಿನದೂ ಆರಲಿಲ್ಲ.

ಇಮ್ತಿಯಾಜ್ ಕಣ್ಣೊರೆಸಿಕೊಂಡು, ಕಸ ಬಿತ್ತು ಎಂದ. ಶಾನುಭೋಗ ಗೊಣಗುತ್ತಾ ಮುಚ್ಚುವ ಆಜ್ಞೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿತು. ನಾನು ಮನೆಗೆ ಓಡಿದೆ.

ಸರ್ವಮಂಗಳಾ ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಪಕ್ಕದಲ್ಲಿ ಕೊಟ್ರಮ್ಮ ಒಲೆಯ ಮುಂದಿದ್ದರು. "ಏನಾಯ್ತೇ? ಬೇಗ ಹೇಳು" ಎಂದೆ.

"ಬಿಚ್ಚಾಕೆ ಬಗ್ಗಿದ್ದೆ ರೀ. ಒಂದು ಬಿಚ್ಚಿದ್ದೆ, ಇನ್ನೊಂದಕ್ಕೆ ಕೈ ಹಾಕಿದ್ದೆ. ಮಾವಾರು ಎದ್ದು ನಿಂತ್ರು. ಎಲ್ಲಾರ ಮುಂದೇನೇ, 'ತಂತಿ ಐತವ್ವ ಮಂಗಳಾ, ಹಾಕ್ಕಂಡೇ ಬಾ' ಅಂದ್ರು." ಅವಳ ಕೈ ಹಿಟ್ಟಿನಲ್ಲಿ ನಿಂತಿತು. "ಮದ್ವಿ ಆಗಿ ಆರು ವರ್ಷ ಆತು. ಮಾವಾರು ನನ್ನ ಹೆಸ್ರು ಹಿಡ್ದು ಕರ್ದಿದ್ದು ಇದೇ ಮೊದ್ಲು."

ಹೊರಗೆ ಕಟ್ಟೆಯ ಕಡೆಯಿಂದ ಹಿರಿಯರ ಹರಟೆ ಕೇಳುತ್ತಿತ್ತು.

ಕೊಟ್ರಮ್ಮ ಒಲೆ ಆರಿಸಿದರು. ಸೆರಗಿಗೆ ಕೈ ಒರೆಸಿಕೊಂಡು ಹೊಸ್ತಿಲ ಹತ್ತಿರ ಹೋಗಿ ತಮ್ಮ ಸವೆದ ಚಪ್ಪಲಿ ಮೆಟ್ಟಿಕೊಂಡರು. "ನಮ್ಮ ಕಾಲ್ದಾಗೆ ನಮ್ಮ ಮಾವಾರು ಕುಂದ್ರತಿದ್ರು ಅಲ್ಲಿ. ನನ್ಗೆ ಒಬ್ರೂ ಹಂಗೆ ಅನ್ನಲಿಲ್ಲ ನೋಡು" ಎಂದರು, ಯಾರಿಗೆಂದು ಗೊತ್ತಾಗದ ಹಾಗೆ. ಆಮೇಲೆ ನನ್ನತ್ತ ತಿರುಗಿದರು.

"ಬರ್ರಿ ಪಂಕಜಮ್ಮ, ಸ್ಟೇಷನ್ ತನಕ ಹೋಗಿ ಬರಾಣ."

"ಈಗಾ? ಏನು ಕೆಲ್ಸ ಅಮ್ಮಾ?"

"ಕೆಲ್ಸ ಏನಿಲ್ಲ. ಸುಮ್ನೆ ಕಟ್ಟಿ ಮುಂದೆ ನಡೆಯಾಕೆ."

ಹೋದೆವು.